ಮಗಳಿಗೆ ಇರುವುದು ಹೆಸರಿಲ್ಲದ ಸಿಂಡ್ರೋಮ್ ಅಂದಿದ್ದಾರೆ. ಹೆಸರು ಇಡುವುದು ಯಾರು, ಯಾವಾಗ?

ಭದ್ರಾವತಿ_ಅಪ್ಪ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ದಯವಿಟ್ಟು ಪೂರ್ತಿ ಓದಿ.

ನನ್ನ ಮಗಳಿಗೆ ಈಗ ಆರು ವರ್ಷ ನಾಲ್ಕು ತಿಂಗಳು. ನಡೆಯಲು ಶುರು ಮಾಡಿದ್ದು ಮೂರೂವರೆ ವರ್ಷಕ್ಕೆ. ಈಗಲೂ ನಡಿಗೆಯಲ್ಲಿ ತೂರಾಟ ಇದೆ. ಎರಡೂ ಕಿವಿ ಮಂದ, ಮಿಷನ್ ಹಾಕಿಸಿದ್ದೇವೆ. ಕೂದಲು ತುಂಬಾ ತೆಳು, ಬಾಚಿದರೆ ತುಂಡಾಗಿ ಕೈಗೆ ಬರುತ್ತದೆ. ಬುದ್ಧಿ ಚುರುಕು. ಮಗ್ಗಿ ಹೇಳುತ್ತಾಳೆ, ಜಗಳ ಆಡುತ್ತಾಳೆ, ಚಿತ್ರ ಬರೆಯಲು ಕೂತರೆ ಊಟ ಬೇಡ.

ಮೂರು ಆಸ್ಪತ್ರೆ ತಿರುಗಿದ್ದೇವೆ. ಒಂದು ಕಡೆ ಮೊದಲ ದಿನವೇ ಒಂದು ಸಿಂಡ್ರೋಮ್ ಹೆಸರು ಬರೆದುಕೊಟ್ಟರು. ಎರಡು ವರ್ಷ ನಾವು ಅದನ್ನೇ ನಂಬಿಕೊಂಡಿದ್ದೆವು. ನೆಂಟರಿಗೂ ಅದೇ ಹೆಸರು ಹೇಳಿದ್ದೆವು, ಶಾಲೆಗೂ ಅದೇ ಬರೆದುಕೊಟ್ಟಿದ್ದೆವು. ಆಮೇಲೆ ಜೀನ್ ಪರೀಕ್ಷೆ ಮಾಡಿಸಿದಾಗ ಅದು ಅಲ್ಲವೇ ಅಲ್ಲ ಅಂತ ಬಂತು. ಈಗಿನ ಡಾಕ್ಟರ್ ಒಳ್ಳೆಯವರು, ಸಮಾಧಾನವಾಗಿ ಮಾತಾಡುತ್ತಾರೆ. ಅವರು ಹೇಳಿದ್ದು ಇಷ್ಟು: "ಇದು ಒಂದು ಸಿಂಡ್ರೋಮ್ ಇರಬೇಕು, ಆದರೆ ಇದಕ್ಕೆ ಇನ್ನೂ ಹೆಸರಿಲ್ಲ. ಹೊಸದೂ ಇರಬಹುದು." ರಿಪೋರ್ಟಿನಲ್ಲಿ ಒಂದು ಜೀನ್‌ನಲ್ಲಿ ಬದಲಾವಣೆ ಇದೆ, ಅದರ ಅರ್ಥ ಖಚಿತವಿಲ್ಲ ಅಂತ ಬರೆದಿದ್ದಾರೆ. ಮಗಳಿಗೆ ಅದರ ಎರಡು ಪ್ರತಿ ಇವೆ, ನನಗೊಂದು, ನನ್ನ ಹೆಂಡತಿಗೊಂದು. ನಾವಿಬ್ಬರೂ ಸಂಬಂಧದಲ್ಲೇ ಮದುವೆಯಾದವರು, ಅವಳು ನನ್ನ ಸೋದರಮಾವನ ಮಗಳು.

ನನಗೆ ಅರ್ಥವಾಗದಿರುವುದು ಇದು. ಹೊಸ ಸಿಂಡ್ರೋಮ್ ಅಂತ ಯಾರು ತೀರ್ಮಾನ ಮಾಡುತ್ತಾರೆ? ಒಬ್ಬ ಡಾಕ್ಟರ್ ಹೇಳಿದರೆ ಸಾಕಾ? ಇಂಥ ಮಕ್ಕಳು ಎಷ್ಟು ಜನ ಸಿಗಬೇಕು? ರಿಪೋರ್ಟಿನಲ್ಲಿ ಬದಲಾವಣೆ ಕಣ್ಣೆದುರೇ ಇರುವಾಗ ಇದೇ ಕಾರಣ ಅಂತ ಹೇಳಲು ಯಾಕೆ ಹಿಂಜರಿಯುತ್ತಾರೆ?

ಸುಮ್ನೆ ಕುತೂಹಲಕ್ಕೆ ಕೇಳುತ್ತಿಲ್ಲ. ಎರಡನೇ ಮಗು ಬೇಕು ಅಂತ ನನ್ನ ಹೆಂಡತಿಗೆ ಆಸೆ ಇದೆ. ಈ ಪ್ರಶ್ನೆಗೆ ಉತ್ತರ ಸಿಗದೆ ಇಬ್ಬರಿಗೂ ಧೈರ್ಯ ಬರುತ್ತಿಲ್ಲ.

ವಂಶವೃಕ್ಷದ_ಪೆನ್ಸಿಲ್

ನಾನು ಹನ್ನೊಂದು ವರ್ಷದಿಂದ ಜೆನೆಟಿಕ್ ಕೌನ್ಸೆಲಿಂಗ್ ಕೆಲಸದಲ್ಲಿದ್ದೇನೆ. ಡಾಕ್ಟರ್ ಅಲ್ಲ. ಕುಟುಂಬಗಳ ಜೊತೆ ಕೂತು ವಂಶವೃಕ್ಷ ಬರೆಯುವುದು, ರಿಪೋರ್ಟ್ ಬಿಡಿಸಿ ಹೇಳುವುದು ನನ್ನ ಕೆಲಸ. ನಿಮ್ಮ ಮಗಳ ಬಗ್ಗೆ ಇಲ್ಲಿ ಕೂತು ನಿರ್ಣಯ ಹೇಳಲು ಆಗುವುದಿಲ್ಲ. ಆದರೆ ನೀವು ಕೇಳಿದ ಪ್ರಶ್ನೆಗೆ ಉತ್ತರ ಇದೆ.

ಮೊದಲು ಒಂದು ಮಾತು. ಸಿಂಡ್ರೋಮ್ ಅಂದರೆ ಕಾರಣ ಅಲ್ಲ. ಕೆಲವು ಲಕ್ಷಣಗಳು ಮತ್ತೆ ಮತ್ತೆ ಒಟ್ಟಿಗೇ ಕಾಣಿಸಿಕೊಂಡರೆ ಆ ಗುಂಪಿಗೆ ಇಟ್ಟ ಹೆಸರು ಅಷ್ಟೇ. ಕಿವಿ ಮಂದ ಇರುವ ಮಕ್ಕಳು ಬೇಕಾದಷ್ಟು ಇದ್ದಾರೆ, ನಡಿಗೆ ತೂರಾಡುವ ಮಕ್ಕಳೂ ಇದ್ದಾರೆ. ಆ ಎರಡರ ಜೊತೆಗೆ ಮುರಿಯುವ ಕೂದಲೂ ಇರುವ ಇನ್ನೊಂದು ಮಗು ಬೇರೆ ಊರಿನ ಬೇರೆ ಮನೆಯಲ್ಲಿ ಸಿಕ್ಕಿದರೆ, ಆಗ ಡಾಕ್ಟರ್ ಕುರ್ಚಿಯಲ್ಲಿ ಮುಂದಕ್ಕೆ ಬಾಗಿ ಕೂರುತ್ತಾರೆ.

ಒಂದು ಉದಾಹರಣೆ ಹೇಳುತ್ತೇನೆ. ಕಬುಕಿ ಸಿಂಡ್ರೋಮ್ ಅಂತ ಇದೆ. 1981ರಲ್ಲಿ ಜಪಾನಿನ ನೀಕಾವಾ ಮತ್ತು ಕುರೋಕಿ ಅನ್ನುವ ಇಬ್ಬರು ವೈದ್ಯರು ಬೇರೆ ಬೇರೆಯಾಗಿ, ಒಂದೇ ವರ್ಷ, ಒಂದೇ ಥರದ ಮಕ್ಕಳ ಬಗ್ಗೆ ಬರೆದರು. ಉದ್ದ ಕಣ್ಣು, ಕೆಳರೆಪ್ಪೆಯ ಹೊರತುದಿ ಸ್ವಲ್ಪ ಹೊರಕ್ಕೆ ಮಗುಚಿದ ಹಾಗೆ, ಬೆಳವಣಿಗೆ ಕಡಿಮೆ, ಬೆರಳ ತುದಿಯಲ್ಲಿ ಪುಟ್ಟ ಮೆತ್ತೆಯಂಥ ಉಬ್ಬು. ಕಣ್ಣು ಅಲ್ಲಿನ ಕಬುಕಿ ನಾಟಕದ ಪಾತ್ರಧಾರಿಗಳ ಬಣ್ಣದ ಕಣ್ಣಿನ ಹಾಗೆ ಕಂಡಿದ್ದರಿಂದ ಆ ಹೆಸರು ಬಂತು. ಮೊದಲು 'ಕಬುಕಿ ಮೇಕಪ್ ಸಿಂಡ್ರೋಮ್' ಅನ್ನುತ್ತಿದ್ದರು. 'ಮೇಕಪ್' ಅನ್ನುವ ಮಾತು ಮನೆಯವರಿಗೆ ನೋವು ಕೊಡುತ್ತದೆ ಅಂತ ಅದನ್ನು ಕೈಬಿಟ್ಟರು. ಕಾರಣದ ಜೀನ್ ಸಿಕ್ಕಿದ್ದು 2010ರಲ್ಲಿ. ಅಂದರೆ ಹೆಸರು ಬಂದು 29 ವರ್ಷ ಆದ ಮೇಲೆ. ಒಬ್ಬರಿಗೊಬ್ಬರು ಸಂಬಂಧವಿಲ್ಲದ ಹತ್ತು ಜನರ ಜೀನ್‌ಗಳನ್ನು ಓದಿ, ಹೆಚ್ಚಿನವರಲ್ಲಿ ಯಾವ ಜೀನ್ ಕೆಟ್ಟಿದೆ ಅಂತ ಹುಡುಕಿದರು. ಆಮೇಲೆ 2012ರಲ್ಲಿ ಇನ್ನೊಂದು ಜೀನ್ ಕೂಡ ಇದೇ ಚಿತ್ರ ತರುತ್ತದೆ ಅಂತ ಗೊತ್ತಾಯಿತು. ನೋಡಿ, ಹೆಸರು ಒಂದೇ, ಕಾರಣ ಎರಡು.

ಈಗ ಇದು ತಿರುಗುಮುರುಗಾಗಿಯೂ ನಡೆಯುತ್ತದೆ. 2020ರಲ್ಲಿ ಅಮೆರಿಕದಲ್ಲಿ ವೆಕ್ಸಾಸ್ ಅನ್ನುವ ಸಿಂಡ್ರೋಮ್ ಗುರುತಿಸಿದಾಗ ಸಂಶೋಧಕರು ಮೊದಲು ಲಕ್ಷಣ ನೋಡಲಿಲ್ಲ. ಕಾರಣ ತಿಳಿಯದ ಉರಿಯೂತ ಇದ್ದವರ ಜೀನ್‌ಗಳನ್ನು ಓದುತ್ತಾ ಹೋಗಿ, ಯೂಬಿಎ1 ಅನ್ನುವ ಒಂದೇ ಜೀನ್ ಕೆಟ್ಟಿದ್ದ 25 ಗಂಡಸರನ್ನು ಒಟ್ಟು ಹಾಕಿದರು. ಆಮೇಲೆ ನೋಡಿದರೆ ಅವರಲ್ಲಿ ಹೆಚ್ಚಿನವರಿಗೆ ಜ್ವರ, ಚರ್ಮದ ಮತ್ತು ಮೃದ್ವಸ್ಥಿಯ ಉರಿಯೂತ, ರಕ್ತದ ತೊಂದರೆ. ಅಲ್ಲಿಯವರೆಗೆ ಒಬ್ಬೊಬ್ಬರಿಗೆ ಒಂದೊಂದು ಹೆಸರಿನ ಕಾಯಿಲೆ ಅಂತ ಚಿಕಿತ್ಸೆ ನಡೆದಿತ್ತು.

ನಿಮ್ಮ ಕೊನೆಯ ಪ್ರಶ್ನೆಯೇ ಮುಖ್ಯವಾದದ್ದು. ಬದಲಾವಣೆ ಕಣ್ಣೆದುರೇ ಇದೆ, ಆದರೂ ಯಾಕೆ ಹಿಂಜರಿಕೆ ಅಂತ. ನೀವಿಬ್ಬರೂ ಸಂಬಂಧದವರು ಅಂದಿರಿ. ನಿಮ್ಮ ಅಜ್ಜ ಅಜ್ಜಿಯಿಂದ ಬಂದ ಒಂದೇ ತುಣುಕು ನಿಮ್ಮ ಕಡೆಯಿಂದಲೂ ಅವರ ಕಡೆಯಿಂದಲೂ ಇಳಿದು ಬಂದು ಮಗಳಲ್ಲಿ ಜೋಡಿಯಾಗಿದೆ. ಆದರೆ ಹಾಗೆ ಜೋಡಿಯಾಗುವುದು ಒಂದೇ ಜೀನ್ ಅಲ್ಲ. ಉದ್ದುದ್ದ ತುಣುಕುಗಳೇ ಜೋಡಿಯಾಗುತ್ತವೆ, ಒಂದೊಂದು ತುಣುಕಿನಲ್ಲಿ ಎಷ್ಟೋ ಜೀನ್‌ಗಳು ಇರುತ್ತವೆ. ಅವುಗಳಲ್ಲಿ ತಪ್ಪಿತಸ್ಥ ಯಾವುದು, ಸುಮ್ಮನೆ ಜೊತೆಗೆ ಬಂದದ್ದು ಯಾವುದು ಅಂತ ಒಂದು ಮನೆಯನ್ನು ಮಾತ್ರ ನೋಡಿ ಹೇಳುವುದು ಕಷ್ಟ. ಅದಕ್ಕೇ ಎರಡನೇ ಕುಟುಂಬ ಬೇಕು ಅನ್ನುವುದು. ಆ ಕುಟುಂಬ ನಿಮ್ಮ ದೂರದ ನೆಂಟರಾಗಿದ್ದರೆ ಅಷ್ಟು ಬಲ ಇಲ್ಲ, ಅವರಿಗೂ ಅದೇ ಪೂರ್ತಿ ತುಣುಕು ಬಂದಿರಬಹುದು. ನಿಮಗೆ ಏನೂ ಆಗಬೇಕಾಗಿಲ್ಲದ ಮನೆಯ ಮಗುವಿಗೆ ಇದೇ ಲಕ್ಷಣ ಇದ್ದು, ಇದೇ ಜೀನ್ ಬೇರೊಂದು ಜಾಗದಲ್ಲಿ ಕೆಟ್ಟಿದ್ದರೆ ಅದು ಗಟ್ಟಿ ಸಾಕ್ಷಿ. ಇಂತಿಷ್ಟೇ ಮಕ್ಕಳು ಅಂತ ನಿಯಮ ಇಲ್ಲ. ಎರಡು ಮೂರು ಕುಟುಂಬ, ಜೊತೆಗೆ ಆ ಜೀನ್ ಕೆಟ್ಟರೆ ಜೀವಕೋಶದಲ್ಲೋ ಇಲಿಯಲ್ಲೋ ಮೀನಿನಲ್ಲೋ ಏನಾಗುತ್ತದೆ ಅನ್ನುವ ಪ್ರಯೋಗ, ಇಷ್ಟಿದ್ದರೆ ಲೇಖನ ಬರೆಯುತ್ತಾರೆ, ಬೇರೆ ತಜ್ಞರು ಪರಿಶೀಲಿಸುತ್ತಾರೆ, ಆಮೇಲೆ ಅದು ಪಟ್ಟಿಗೆ ಸೇರುತ್ತದೆ.

ಮೊದಲ ದಿನವೇ ಹೆಸರು ಬರೆದುಕೊಟ್ಟ ವಿಷಯ ಓದಿ ಬೇಸರವಾಯಿತು. ಗೊತ್ತಿಲ್ಲ ಅಂದ ಈಗಿನ ಡಾಕ್ಟರೇ ನಿಮಗೆ ಹೆಚ್ಚು ಉಪಕಾರ ಮಾಡಿದ್ದಾರೆ.

ಸಾಗರದ_ಹಳೇ_ಸೈಕಲ್

ಭದ್ರಾವತಿ ತಮ್ಮಾ, ನಾನು ಆರೋಗ್ಯ ಇಲಾಖೆಯಲ್ಲಿ ಮನೆ ಮನೆ ತಿರುಗುವ ಕೆಲಸ ಮಾಡಿ ನಿವೃತ್ತನಾದವನು. ನಿನ್ನ ಪ್ರಶ್ನೆ ಓದಿ ನಮ್ಮ ತಾಲೂಕಿನದೇ ಕಥೆ ನೆನಪಾಯಿತು, ಇಲ್ಲಿ ಹೇಳದಿದ್ದರೆ ತಪ್ಪಾಗುತ್ತದೆ.

ಸಾಗರ ತಾಲೂಕಿನಲ್ಲಿ ಹಂದಿಗೋಡು ಅಂತ ಒಂದು ಹಳ್ಳಿ. 1974-75ರ ಹೊತ್ತಿಗೆ ಅಲ್ಲಿ ಜನಕ್ಕೆ ಸೊಂಟ, ಮಂಡಿ ಹಿಡಿದುಕೊಳ್ಳುವುದು ಎದ್ದು ಕಾಣಿಸಿತು. ಮುದುಕರಿಗಲ್ಲ, ದುಡಿಯುವ ವಯಸ್ಸಿನವರಿಗೆ, ಮಕ್ಕಳಿಗೆ. ಕೆಲವರು ಕೋಲು ಹಿಡಿದರು, ಕೆಲವರು ಕೂತಲ್ಲೇ ತೆವಳುವ ಹಾಗಾಯಿತು. ಬಹುತೇಕ ಎಲ್ಲರೂ ದಲಿತ ಸಮುದಾಯದ ಕೂಲಿಯವರು. ಪತ್ರಿಕೆಗಳು ನಿಗೂಢ ಕಾಯಿಲೆ ಅಂದವು. ಆಮೇಲೆ ಊರಿನ ಹೆಸರೇ ಕಾಯಿಲೆಗೆ ಅಂಟಿತು.

ಆಗ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯವರು ಬಂದು ನೋಡಿದರು. ಮೊದಲ ಅನುಮಾನ ಬಿದ್ದದ್ದು ಗದ್ದೆಯ ಏಡಿ ಮೇಲೆ. ಬಡವರು ಗದ್ದೆಯ ಏಡಿ, ಮೀನು ಹಿಡಿದು ತಿನ್ನುತ್ತಿದ್ದರು. ಆ ಕಾಲಕ್ಕೆ ಗದ್ದೆಗೆ ಹೊಸದಾಗಿ ಕ್ರಿಮಿನಾಶಕ ಹೊಡೆಯುವುದು ಶುರುವಾಗಿತ್ತು. ವಿಷ ಏಡಿಗೆ ಸೇರಿ, ಏಡಿಯಿಂದ ಮನುಷ್ಯನಿಗೆ ಬಂತು ಅನ್ನುವ ಮಾತು ಊರೂರಿಗೆ ಹಬ್ಬಿತು. ಯಾರಿಗೇ ಆದರೂ ನಂಬಿಕೆ ಬರುವಂಥ ವಿವರಣೆ ಅದು. ಹೊಸ ಔಷಧಿ ಬಂತು, ಹೊಸ ಕಾಯಿಲೆ ಬಂತು, ಎರಡಕ್ಕೂ ಗಂಟು ಹಾಕಿದರು. ಆದರೆ ಮನೆ ಮನೆಯ ಪಟ್ಟಿ ಮಾಡುತ್ತಾ ಹೋದ ಹಾಗೆ ಬೇರೆ ಚಿತ್ರ ಮೂಡಿತು. ಕಾಯಿಲೆ ಕೆಲವೇ ಕುಟುಂಬಗಳ ಒಳಗೆ ಓಡಾಡುತ್ತಿತ್ತು. ತಂದೆಗಿದ್ದರೆ ಮಕ್ಕಳಲ್ಲಿ ಕೆಲವರಿಗೆ, ತಾಯಿಗಿದ್ದರೂ ಹಾಗೇ, ಗಂಡು ಹೆಣ್ಣು ಅನ್ನುವ ಭೇದ ಇಲ್ಲ. ಆಮೇಲೆ ಲಕ್ನೋದ ಸಂಜಯ ಗಾಂಧಿ ಸ್ನಾತಕೋತ್ತರ ಸಂಸ್ಥೆಯ ತಜ್ಞರು ಎಕ್ಸ್‌ರೇಗಳನ್ನು ಒಟ್ಟಿಗೆ ಇಟ್ಟು ನೋಡಿ 1994ರಲ್ಲಿ ಬರೆದರು. ಇದು ಬರೀ ಕೀಲುವಾತ ಅಲ್ಲ, ಮೂಳೆ ಬೆಳೆಯುವ ರೀತಿಯಲ್ಲೇ ಇರುವ ದೋಷ, ವಂಶದಲ್ಲಿ ಬರುವಂಥದ್ದು, ತಂದೆ ತಾಯಿಯಲ್ಲಿ ಒಬ್ಬರಿಗಿದ್ದರೂ ಸಾಕು ಅಂತ.

ಇಲ್ಲಿ ನೀನು ಗಮನಿಸಬೇಕಾದದ್ದು ಒಂದಿದೆ. ಅವರು ಮೂರು ಥರದವರನ್ನು ಗುರುತಿಸಿದರು. ಎತ್ತರ ಎಲ್ಲರ ಹಾಗೇ ಇದ್ದು ಸೊಂಟದ ಕೀಲು ಮಾತ್ರ ಸವೆದವರು. ಬೆನ್ನುಮೂಳೆಯಲ್ಲೂ ದೋಷ ಇದ್ದು ಸ್ವಲ್ಪ ಗಿಡ್ಡ ಇರುವವರು. ತೀರಾ ಕುಳ್ಳಗೆ ಉಳಿದವರು. ಹಳ್ಳಿಯಲ್ಲಿ ನೋಡಿದರೆ ಇವರು ಮೂವರಿಗೂ ಒಂದೇ ಕಾಯಿಲೆ ಅಂತ ಯಾರೂ ಹೇಳುವುದಿಲ್ಲ. ಸೊಂಟ ನೋವು ಇದ್ದವರನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಂಡಿದ್ದರೆ ಪಕ್ಕದಲ್ಲೇ ಕೂತ ಕುಳ್ಳ ತಮ್ಮ ಪಟ್ಟಿಯಿಂದ ಹೊರಗೆ ಉಳಿಯುತ್ತಿದ್ದ. ಎಲ್ಲರನ್ನೂ ಒಂದೇ ವಂಶವೃಕ್ಷದಲ್ಲಿ ಇಟ್ಟಾಗಲೇ ಅದು ಒಂದು ಸಿಂಡ್ರೋಮ್ ಅಂತ ಕಂಡಿದ್ದು.

ದಕ್ಷಿಣ ಆಫ್ರಿಕಾದ ಮ್ಸೆಲೆನಿ ಅನ್ನುವ ಕಡೆಯೂ ಇಂಥದೇ ಸೊಂಟದ ಕಾಯಿಲೆ ಇದೆ. 1997ರಲ್ಲಿ ಲಕ್ನೋದವರೂ ಅಲ್ಲಿಯವರೂ ಸೇರಿ ಎರಡೂ ಒಂದೇನಾ ಬೇರೆಯಾ ಅಂತ ಪಕ್ಕ ಪಕ್ಕ ಇಟ್ಟು ನೋಡಿದ್ದರು. ಎಲ್ಲಿಯ ಹಂದಿಗೋಡು ಎಲ್ಲಿಯ ಆಫ್ರಿಕಾ, ಅಲ್ವಾ? ಆದರೆ ಹಾಗೆ ಹೋಲಿಸದೆ ಇದು ಹೊಸದು ಅಂತ ಹೇಳಲು ಬರುವುದಿಲ್ಲ.

ನಮ್ಮ ಜಿಲ್ಲೆಯ ಮಂಗನ ಕಾಯಿಲೆ ಕಥೆಯೇ ಬೇರೆ. 1957ರಲ್ಲಿ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತವು, ಜನಕ್ಕೆ ಜ್ವರ ಬಂತು, ಅದೇ ವರ್ಷ ವೈರಸ್ ಸಿಕ್ಕಿತು. ಅದನ್ನು ಹರಡುವುದು ಉಣ್ಣೆ ಹುಳ ಅಂತಲೂ ಬೇಗ ಗೊತ್ತಾಯಿತು. ಒಂದೇ ಜಿಲ್ಲೆ, ಒಂದು ಕಾಯಿಲೆಗೆ ತಿಂಗಳುಗಳಲ್ಲಿ ಉತ್ತರ, ಇನ್ನೊಂದಕ್ಕೆ ದಶಕಗಳು.

ಇನ್ನೊಂದು ಮಾತು, ಇದು ನನ್ನ ಹೊಟ್ಟೆಯೊಳಗಿನದು. ಊರಿನ ಹೆಸರನ್ನು ಕಾಯಿಲೆಗೆ ಇಡಬಾರದಿತ್ತು. ಆ ಕಡೆಯ ಹೆಣ್ಣುಮಕ್ಕಳ ಸಂಬಂಧ ಮಾತಾಡುವಾಗ ಊರಿನ ಹೆಸರು ಕೇಳಿ ಎದ್ದು ಹೋದವರನ್ನು ನಾನೇ ನೋಡಿದ್ದೇನೆ. ಆ ಹುಡುಗಿಯರ ಮನೆಯಲ್ಲಿ ಕಾಯಿಲೆಯೇ ಇರಲಿಲ್ಲ. 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯವರು ಹೊಸ ಸಾಂಕ್ರಾಮಿಕ ಕಾಯಿಲೆಗಳಿಗೆ ಊರು, ಜನ, ಪ್ರಾಣಿಗಳ ಹೆಸರು ಇಡಬೇಡಿ ಅಂತ ಹೇಳಿದರು. ನಮ್ಮ ಊರಿಗೆ ಅದು ನಲವತ್ತು ವರ್ಷ ತಡವಾಗಿ ಬಂತು.

ನೇರ_ಮಾತು_ಹಾಸನ

ಎಲ್ಲರೂ ಚೆನ್ನಾಗಿ ಬರೆದಿದ್ದೀರಿ. ಆದರೆ ನನಗೆ ಒಂದು ಸಂದೇಹ ಇದೆ. ಹೆಸರು ಇಟ್ಟ ತಕ್ಷಣ ಮಗುವಿಗೆ ಏನು ಉಪಯೋಗ? ಔಷಧಿ ಇಲ್ಲ ಅಂದ ಮೇಲೆ ಹೆಸರು ಕಟ್ಟಿಕೊಂಡು ಏನು ಮಾಡುವುದು? ಇತ್ತೀಚೆಗೆ ಎಲ್ಲದಕ್ಕೂ ಸಿಂಡ್ರೋಮ್ ಅನ್ನುವುದು ಜಾಸ್ತಿಯಾಗಿದೆ. ನನ್ನ ತಂಗಿಗೆ ಒಬ್ಬ ಡಾಕ್ಟರ್ ಪಿಸಿಓಎಸ್ (ಹೆಂಗಸರ ಹಾರ್ಮೋನ್, ಅಂಡಾಶಯದ ತೊಂದರೆ) ಇದೆ ಅಂದರು, ತಿಂಗಳೊಳಗೆ ಇನ್ನೊಬ್ಬರು ಇಲ್ಲ ಅಂದರು. ರಿಪೋರ್ಟ್ ಎರಡೂ ಕಡೆ ಅದೇ. ಒಂದೇ ಹುಡುಗಿಗೆ ಇದೆ ಮತ್ತು ಇಲ್ಲ ಎರಡೂ ಆಗುವುದಾದರೆ ಅದು ಎಂಥ ಕಾಯಿಲೆ? ತಪ್ಪು ತಿಳಿಯಬೇಡಿ, ಅವಳು ಆ ತಿಂಗಳು ಅತ್ತಿದ್ದು ನೋಡಿ ಕೇಳುತ್ತಿದ್ದೇನೆ.

ಎರಡನೇ_ಅಲೆಯ_ನಂತರ

ಹಾಸನದ ಅಣ್ಣ, ನಿಮ್ಮ ಪ್ರಶ್ನೆಗೆ ನಾನು ಉತ್ತರ ಕೊಡುತ್ತೇನೆ, ಯಾಕೆಂದರೆ ಹೆಸರು ಇಲ್ಲದೆ ಒಂದಷ್ಟು ಕಾಲ ಕಳೆದವಳು ನಾನು.

ಮೊದಲು ನಿಮ್ಮ ತಂಗಿಯ ವಿಷಯ. ಇಬ್ಬರು ಡಾಕ್ಟರೂ ಸರಿ ಇರಬಹುದು. ಪಿಸಿಓಎಸ್‌ಗೆ 1990ರಲ್ಲಿ ಅಮೆರಿಕದವರು ಇಟ್ಟ ಅಳತೆ ಬೇರೆ. ಮುಟ್ಟು ಏರುಪೇರಾಗಿರಬೇಕು ಮತ್ತು ಗಂಡು ಹಾರ್ಮೋನ್ ಜಾಸ್ತಿ ಇರಬೇಕು, ಎರಡೂ ಬೇಕು. 2003ರಲ್ಲಿ ನೆದರ್ಲೆಂಡ್ಸಿನ ರಾಟರ್‌ಡ್ಯಾಮ್‌ನಲ್ಲಿ ಸೇರಿದ ತಜ್ಞರು ಸ್ಕ್ಯಾನಿಂಗ್‌ನಲ್ಲಿ ಕಾಣುವ ಅಂಡಾಶಯದ ಗುಳ್ಳೆಗಳನ್ನೂ ಸೇರಿಸಿ, ಮೂರರಲ್ಲಿ ಯಾವುದಾದರೂ ಎರಡು ಇದ್ದರೆ ಸಾಕು ಅಂದರು. ಒಬ್ಬರು ಹಳೇ ಗೆರೆ ಹಿಡಿದರೆ ಇಲ್ಲ, ಇನ್ನೊಬ್ಬರು ಹೊಸ ಗೆರೆ ಹಿಡಿದರೆ ಇದೆ. ನಿಮ್ಮ ತಂಗಿಯ ದೇಹ ಅದೇ, ಗೆರೆ ಮಾತ್ರ ಸರಿದಿದೆ. ಇದನ್ನು ಅವಳಿಗೆ ಯಾರಾದರೂ ಎರಡು ನಿಮಿಷ ಕೂತು ಹೇಳಿದ್ದರೆ ಅವಳು ಅಷ್ಟು ಅಳುತ್ತಿರಲಿಲ್ಲ.

ಈಗ ನನ್ನದು. 2021ರ ಮೇ ತಿಂಗಳು, ಬೆಂಗಳೂರು, ನಮ್ಮ ಮನೆಯಲ್ಲಿ ನಾಲ್ವರಿಗೂ ಜ್ವರ. ಪರೀಕ್ಷೆ ಮಾಡಿಸಲು ಎಲ್ಲೂ ಜಾಗ ಸಿಗಲಿಲ್ಲ. ಮೂವರು ಗುಣವಾದರು. ನಾನು ಆಗಲಿಲ್ಲ. ಬಟ್ಟೆ ಒಗೆದು ಒಣಗಿಸಿದರೆ ಮಾರನೇ ದಿನ ಎದ್ದು ಕೂರಲು ಆಗುತ್ತಿರಲಿಲ್ಲ. ನಿಂತರೆ ಎದೆ ಡವಡವ. ಬೇಳೆಗೆ ಉಪ್ಪು ಹಾಕಿದೆನಾ ಇಲ್ಲವಾ ಅನ್ನುವುದು ಅದೇ ಕ್ಷಣ ಮರೆತುಹೋಗುತ್ತಿತ್ತು. ಒಂದು ಆಸ್ಪತ್ರೆಯಲ್ಲಿ ಎಲ್ಲ ರಿಪೋರ್ಟ್ ನೋಡಿ "ಏನೂ ಇಲ್ಲ, ಟೆನ್ಷನ್ ಕಡಿಮೆ ಮಾಡಿಕೊಳ್ಳಿ, ವಾಕಿಂಗ್ ಜಾಸ್ತಿ ಮಾಡಿ" ಅಂದರು. ಮಾಡಿದೆ. ಮಾಡಿದಷ್ಟೂ ಬಿದ್ದೆ.

ಅದೇ ವರ್ಷ ಅಕ್ಟೋಬರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಕೋವಿಡ್ ನಂತರ ಉಳಿಯುವ ಇಂಥ ತೊಂದರೆಗೆ ಒಂದು ವ್ಯಾಖ್ಯೆ ಕೊಟ್ಟಿತು. ಕೋವಿಡ್ ಬಂದಿತ್ತು ಅಂತ ದೃಢಪಟ್ಟಿರಬೇಕು ಅಥವಾ ಬಂದಿರುವ ಸಾಧ್ಯತೆ ಬಲವಾಗಿರಬೇಕು. ಸಾಮಾನ್ಯವಾಗಿ ಶುರುವಾಗಿ ಮೂರು ತಿಂಗಳ ಹೊತ್ತಿಗೆ ಲಕ್ಷಣ ಇರಬೇಕು, ಕನಿಷ್ಠ ಎರಡು ತಿಂಗಳು ಉಳಿದಿರಬೇಕು, ಬೇರೆ ಕಾರಣದಿಂದ ವಿವರಿಸಲು ಆಗಬಾರದು. ಆ "ಸಾಧ್ಯತೆ" ಅನ್ನುವ ಪದ ನನ್ನ ಪಾಲಿಗೆ ಎಷ್ಟು ದೊಡ್ಡದು ಗೊತ್ತಾ? ಪಾಸಿಟಿವ್ ರಿಪೋರ್ಟ್ ಇದ್ದವರಿಗೆ ಮಾತ್ರ ಅಂತ ಬರೆದಿದ್ದರೆ ನಾನು ಹೊರಗೇ ಉಳಿಯುತ್ತಿದ್ದೆ. ಪರೀಕ್ಷೆ ಸಿಗದೆ ಹೋದ ಎಷ್ಟು ಸಾವಿರ ಜನ ನನ್ನ ಜೊತೆ ಉಳಿಯುತ್ತಿದ್ದರೋ. ಇದಕ್ಕೆ 'ಲಾಂಗ್ ಕೋವಿಡ್' ಅನ್ನುವ ಹೆಸರನ್ನು ಇಟ್ಟವರು ಡಾಕ್ಟರುಗಳೂ ಅಲ್ಲ. 2020ರ ಮೇ ತಿಂಗಳಲ್ಲಿ ಟ್ವಿಟರ್‌ನಲ್ಲಿ ಕಾಯಿಲೆಯವರೇ ಬಳಸಲು ಶುರು ಮಾಡಿದ ಮಾತು ಅದು. ಆಮೇಲೆ ವೈದ್ಯರು ತೆಗೆದುಕೊಂಡರು.

ಗೆರೆ ಎಲ್ಲಿ ಎಳೆಯುತ್ತಾರೆ ಅನ್ನುವುದು ಬದುಕಿನ ಪ್ರಶ್ನೆ ಅಂತ ನಾನು ಹೇಳುವುದು ಇದಕ್ಕೇ. ಏಡ್ಸ್ ನೋಡಿ. 1981ರ ಜೂನ್ 5ರಂದು ಅಮೆರಿಕದ ರೋಗ ನಿಯಂತ್ರಣ ಕೇಂದ್ರದ ವಾರಪತ್ರಿಕೆಯಲ್ಲಿ ಲಾಸ್ ಏಂಜಲೀಸಿನ ಐದು ಯುವಕರ ಅಪರೂಪದ ನ್ಯುಮೋನಿಯಾ ಬಗ್ಗೆ ಸಣ್ಣ ವರದಿ ಬಂತು. ಆ ನ್ಯುಮೋನಿಯಾದ ಔಷಧಿ ಆಗ ಆ ಕೇಂದ್ರದ ಮೂಲಕವೇ ಸಿಗುತ್ತಿತ್ತು. ಅದಕ್ಕೆ ಬೇಡಿಕೆ ಇದ್ದಕ್ಕಿದ್ದಂತೆ ಜಾಸ್ತಿಯಾದದ್ದನ್ನು ಅಲ್ಲಿ ಔಷಧಿ ಕಳಿಸುವ ಕೆಲಸದಲ್ಲಿದ್ದ ಹೆಂಗಸೊಬ್ಬರು ಗಮನಿಸಿ ಮೇಲಿನವರಿಗೆ ಹೇಳಿದ್ದರು. ವೈರಸ್ ಸಿಕ್ಕಿದ್ದು 1983ರಲ್ಲಿ, ಏಡ್ಸ್ ಅನ್ನುವ ಹೆಸರೂ ವ್ಯಾಖ್ಯೆಯೂ 1982ರಲ್ಲೇ ಬಂದಿದ್ದವು. ಆದರೆ ಆ ವ್ಯಾಖ್ಯೆ ಬೆಳೆದದ್ದು ಗಂಡಸರನ್ನು ನೋಡಿ. ಹೆಂಗಸರಿಗೆ ಬರುವ ಲಕ್ಷಣಗಳು ಅದರಲ್ಲಿ ಇರಲಿಲ್ಲ. ಸೋಂಕು ಇದ್ದು ಸಾಯುತ್ತಿದ್ದ ಹೆಂಗಸರನ್ನು ಏಡ್ಸ್ ಲೆಕ್ಕಕ್ಕೆ ಸೇರಿಸುತ್ತಿರಲಿಲ್ಲ, ಹಾಗಾಗಿ ಅಂಗವಿಕಲ ಭತ್ಯೆಯೂ ಸಿಗುತ್ತಿರಲಿಲ್ಲ. ಅವರು ಬೀದಿಗಿಳಿದು ಹೋರಾಡಿದರು. 1993ರಲ್ಲಿ ಗರ್ಭಕೊರಳಿನ ಕ್ಯಾನ್ಸರ್, ಶ್ವಾಸಕೋಶದ ಕ್ಷಯ, ಮತ್ತೆ ಮತ್ತೆ ಬರುವ ನ್ಯುಮೋನಿಯಾ, ರೋಗದ ವಿರುದ್ಧ ಹೋರಾಡುವ ಸಿಡಿ4 ಅನ್ನುವ ರಕ್ತಕಣಗಳು 200ಕ್ಕಿಂತ ಕೆಳಗೆ ಇಳಿಯುವುದು, ಇವೆಲ್ಲ ಸೇರಿದವು.

ಹೆಸರಿನಿಂದ ನನಗೆ ಮಾತ್ರೆ ಸಿಗಲಿಲ್ಲ ಅಣ್ಣ. ವಾಕಿಂಗ್ ನಿಲ್ಲಿಸಬೇಕು ಅನ್ನುವುದು ಸಿಕ್ಕಿತು. ಶಕ್ತಿ ಎಷ್ಟಿದೆಯೋ ಅಷ್ಟರಲ್ಲೇ ದಿನ ತೂಗಿಸಬೇಕು ಅನ್ನುವುದು ಸಿಕ್ಕಿತು. ನಮ್ಮತ್ತೆ "ಇವಳಿಗೆ ಸೋಮಾರಿತನ" ಅನ್ನುವುದನ್ನು ಬಿಟ್ಟರು. ಅದು ಕಡಿಮೆಯಲ್ಲ.

ನೇರ_ಮಾತು_ಹಾಸನ

ತಂಗಿಗೆ ಈಗಲೇ ಇದನ್ನು ಕಳಿಸಿದ್ದೇನೆ ಅಕ್ಕ. ಥ್ಯಾಂಕ್ಸ್. ಗೆರೆ ಸರಿಯುತ್ತದೆ ಅನ್ನುವುದು ಗೊತ್ತಿರಲಿಲ್ಲ, ಯಾರೂ ಹೇಳಿರಲಿಲ್ಲ.

ಭದ್ರಾವತಿ_ಅಪ್ಪ

ಎಲ್ಲ ಉತ್ತರಗಳನ್ನೂ ನಾನು, ನನ್ನ ಹೆಂಡತಿ ಇಬ್ಬರೂ ಕೂತು ಎರಡು ಸಲ ಓದಿದೆವು. ಉದ್ದ ತುಣುಕು ಜೋಡಿಯಾಗುವ ವಿಷಯ ಮೊದಲ ಸಲ ಅರ್ಥವಾಯಿತು. ಡಾಕ್ಟರ್ ಏನೋ ಮುಚ್ಚಿಡುತ್ತಿದ್ದಾರೆ ಅಂತ ನಾನು ಒಳಗೊಳಗೇ ಅಂದುಕೊಂಡಿದ್ದೆ. ಅದು ಹೋಯಿತು.

ಪೆನ್ಸಿಲ್ ಮೇಡಂ, ಮೂರು ವಿಷಯ ಕೇಳಬೇಕು. ಒಂದು, ಆ ಎರಡನೇ ಕುಟುಂಬವನ್ನು ಯಾರು ಹುಡುಕುತ್ತಾರೆ, ನಾವೇ ಏನಾದರೂ ಮಾಡಬಹುದಾ? ಎರಡು, ಮಗಳ ಫೋಟೋ ಲೇಖನದಲ್ಲಿ ಹಾಕಲು ಒಪ್ಪಿಗೆ ಕೇಳಿದ್ದಾರೆ. ಹೆಂಡತಿಗೆ ಇಷ್ಟ ಇಲ್ಲ. ಒಪ್ಪದಿದ್ದರೆ ಸಂಶೋಧನೆ ನಿಂತುಹೋಗುತ್ತದಾ? ಮೂರನೆಯದು ಸಣ್ಣದು. ಮಗಳು ನಿದ್ದೆ ಮಾಡುವಾಗ ಕಣ್ಣು ಪೂರ್ತಿ ಮುಚ್ಚುವುದಿಲ್ಲ, ಸ್ವಲ್ಪ ತೆರೆದೇ ಇರುತ್ತದೆ ಅಂತ ನಮ್ಮಮ್ಮ ಮೊದಲಿಂದಲೂ ಹೇಳುತ್ತಾರೆ. ಮಗಳು ಅವರ ಪಕ್ಕದಲ್ಲೇ ಮಲಗುವುದು. ಇದೆಲ್ಲ ಹೇಳುವಂಥದ್ದಲ್ಲ ಅಂತ ನಾವು ಯಾವ ಡಾಕ್ಟರಿಗೂ ಹೇಳಿಲ್ಲ. ಹೇಳಬೇಕಾ?

ವಂಶವೃಕ್ಷದ_ಪೆನ್ಸಿಲ್

ಮೂರನೆಯದೇ ದೊಡ್ಡದು! ಖಂಡಿತ ಹೇಳಿ. ಆ ಲಕ್ಷಣಕ್ಕೆ ವೈದ್ಯಕೀಯದಲ್ಲಿ ಪದ ಇದೆ. ಲಕ್ಷಣಗಳಿಗೆಲ್ಲ ಒಂದೇ ಥರದ ಪದ ಬಳಸಬೇಕು ಅಂತ 2008ರಿಂದ ಒಂದು ದೊಡ್ಡ ಪದಕೋಶವೇ ಇದೆ, ಅದರಲ್ಲೂ ಸೇರಿದೆ. ಇಲ್ಲಿಯ ಡಾಕ್ಟರ್ ಒಂದು ಪದ, ಬ್ರೆಜಿಲ್ಲಿನ ಡಾಕ್ಟರ್ ಇನ್ನೊಂದು ಪದ ಬಳಸಿದರೆ ಇಬ್ಬರ ರೋಗಿಗಳೂ ಒಂದೇ ಅಂತ ಕಂಪ್ಯೂಟರಿಗೆ ಗೊತ್ತಾಗುವುದಿಲ್ಲ, ಅದಕ್ಕೆ. ಕಿವಿ ಮಂದ ಇರುವ ಮಕ್ಕಳು ಸಾವಿರ ಇರಬಹುದು, ಅದರ ಜೊತೆ ಕೂದಲೂ, ನಡಿಗೆಯೂ, ಮುಚ್ಚದ ಕಣ್ಣೂ ಇರುವವರು ಬೆರಳೆಣಿಕೆ. ಗುಂಪನ್ನು ಬಿಗಿ ಮಾಡುವುದು ಇಂಥ ಸಣ್ಣ ಲಕ್ಷಣವೇ. ಅದೂ ಅಲ್ಲದೆ ಕಣ್ಣು ಒಣಗಿ ಹಾನಿ ಆಗಬಹುದು, ಹೆಸರು ಬರಲಿ ಬಿಡಲಿ ಕಣ್ಣಿನ ಡಾಕ್ಟರಿಗೆ ಈ ವಾರವೇ ತೋರಿಸಿ.

ಎರಡನೇ ಕುಟುಂಬದ ವಿಷಯ. 2013ರಿಂದ ಜೀನ್‌ಮ್ಯಾಚರ್ ಅನ್ನುವ ವ್ಯವಸ್ಥೆ ಇದೆ. ನಿಮ್ಮ ಡಾಕ್ಟರ್ ಅಲ್ಲಿ ಆ ಜೀನ್ ಹೆಸರು ಹಾಕುತ್ತಾರೆ. ಜಗತ್ತಿನ ಇನ್ನೊಂದು ಮೂಲೆಯಲ್ಲಿ ಯಾರಾದರೂ ಅದೇ ಜೀನ್ ಹಾಕಿದ್ದರೆ ಇಬ್ಬರಿಗೂ ಇಮೇಲ್ ಹೋಗುತ್ತದೆ. "ಹಾಕಿದ್ದೀರಾ?" ಅಂತ ನೇರವಾಗಿ ಕೇಳಿ, ಕೇಳುವುದರಲ್ಲಿ ತಪ್ಪಿಲ್ಲ. ಹಾಗೇ ಹಳೇ ಪರೀಕ್ಷೆಯ ಮಾಹಿತಿಯನ್ನು ಮತ್ತೆ ಓದಿಸಲು ಕೇಳಿ. ಹೊಸ ರಕ್ತ ಬೇಡ, ಅದೇ ಕಡತವನ್ನು ಒಂದೆರಡು ವರ್ಷ ಬಿಟ್ಟು ಓದಿದರೆ ಆಗ ಅರ್ಥ ಗೊತ್ತಿಲ್ಲದ ಬದಲಾವಣೆಗೆ ಈಗ ಅರ್ಥ ಸಿಕ್ಕಿರಬಹುದು, ಎಷ್ಟೋ ಮಕ್ಕಳಿಗೆ ಉತ್ತರ ಸಿಗುವುದು ಹೀಗೇ. ಬೆಂಗಳೂರಿನ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್, ಮಣಿಪಾಲದ ಕಸ್ತೂರ್ಬಾ ಮೆಡಿಕಲ್ ಕಾಲೇಜಿನ ಮೆಡಿಕಲ್ ಜೆನೆಟಿಕ್ಸ್ ವಿಭಾಗ, ಎರಡೂ ನಿಮಗೆ ತೀರಾ ದೂರವಲ್ಲ.

ನೀವೇ ಏನು ಮಾಡಬಹುದು ಅಂದಿರಿ. ಅಮೆರಿಕದಲ್ಲಿ ಆಗ ಕಂಪ್ಯೂಟರ್ ವಿಜ್ಞಾನ ಕಲಿಸುತ್ತಿದ್ದ ಒಬ್ಬ ಅಪ್ಪ ಇದ್ದರು. ಅವರ ಮಗನಿಗೆ ಚಲನೆಯ ತೊಂದರೆ ಇತ್ತು, ಬೆಳವಣಿಗೆ ನಿಧಾನವಾಗಿತ್ತು, ಅತ್ತರೆ ಕಣ್ಣೀರು ಬರುತ್ತಿರಲಿಲ್ಲ. ಎನ್‌ಜಿಎಲ್‌ವೈ1 ಅನ್ನುವ ಜೀನ್ ಕೆಟ್ಟ ಮೊದಲ ಮಗು ಅಂತ ಗೊತ್ತಾಯಿತು, ಆಗ ಜಗತ್ತಿನಲ್ಲಿ ಒಬ್ಬನೇ. 2012ರಲ್ಲಿ ಆ ಅಪ್ಪ ಎಲ್ಲವನ್ನೂ ಬಿಡಿಸಿ ತಮ್ಮ ಬ್ಲಾಗಿನಲ್ಲಿ ಬರೆದು, ಲಕ್ಷಣಗಳ ಹೆಸರು ಹಾಕಿ ಹುಡುಕಿದವರಿಗೆ ಸಿಗುವ ಹಾಗೆ ಮಾಡಿದರು. ಬೇರೆ ಕುಟುಂಬಗಳು ಓದಿ ಸಂಪರ್ಕಿಸಿದವು. 2014ರಲ್ಲಿ ಎಂಟು ಜನರ ವಿವರ ಸೇರಿಸಿ ವೈದ್ಯರು ಲೇಖನ ಬರೆದರು. ಅವರನ್ನು ಒಟ್ಟಿಗೆ ತಂದ ಒಂದು ಗುರುತು ಬಾರದ ಕಣ್ಣೀರು. ಅದನ್ನು ಮೊದಲು ನೋಡುವವರು ಮನೆಯವರೇ ಅಲ್ವಾ? ಹಾಗಾಗಿ ನಿಮ್ಮ ಅಮ್ಮನ ಮಾತನ್ನು ಹಗುರವಾಗಿ ತೆಗೆದುಕೊಳ್ಳಬೇಡಿ.

ಆದರೆ ಅವರು ಹಾಕಿದ ಹಾಗೆ ಎಲ್ಲರೂ ಹೆಸರು, ಫೋಟೋ ಹಾಕಬೇಕಾಗಿಲ್ಲ. ಫೋಟೋಗೆ ಒಪ್ಪದಿರುವುದು ನಿಮ್ಮ ಹಕ್ಕು. ಸಂಶೋಧನೆ ನಿಲ್ಲುವುದಿಲ್ಲ, ಚಿಕಿತ್ಸೆಯಂತೂ ನಿಲ್ಲಲೇಬಾರದು. ಮುಖ ಬಿಟ್ಟು ಕೂದಲು, ಕೈ ಮಾತ್ರ ಕೊಡಬಹುದು. ಮಾತಿನಲ್ಲಿ ವಿವರ ಬರೆಯಬಹುದು. ಮಗಳಿಗೆ ಆರು ವರ್ಷ, ಅವಳಿಗೂ ಒಂದು ಮಾತು ಕೇಳಿ. ಬುದ್ಧಿ ಚುರುಕು ಅಂದಿದ್ದೀರಿ, ಅವಳಿಗೇ ಅಭಿಪ್ರಾಯ ಇರುತ್ತದೆ.

ಎರಡನೇ ಮಗುವಿನ ವಿಷಯ ಕೊನೆಗೆ ಹೇಳುತ್ತೇನೆ. ಇಂಥ ಜೋಡಿ ಬದಲಾವಣೆಯೇ ಕಾರಣ ಆಗಿದ್ದರೆ ಪ್ರತಿ ಬಸಿರಿನಲ್ಲೂ ನಾಲ್ಕರಲ್ಲಿ ಒಂದು ಪಾಲು ಮಗುವಿಗೆ ಬರುವ ಸಾಧ್ಯತೆ, ಮೂರು ಪಾಲು ಬಾರದಿರುವ ಸಾಧ್ಯತೆ. ಆದರೆ ಜೀನ್ ಖಚಿತವಾಗದೆ ಬಸಿರಿನಲ್ಲಿ ಪರೀಕ್ಷೆ ಮಾಡಿ ಹೌದು ಅಲ್ಲ ಅನ್ನಲು ಯಾರಿಗೂ ಬರುವುದಿಲ್ಲ. ಹಾಸನದವರು ಹೆಸರಿನಿಂದ ಏನು ಉಪಯೋಗ ಅಂತ ಕೇಳಿದ್ದರಲ್ಲ, ನಿಮ್ಮ ಮನೆಯ ಮಟ್ಟಿಗೆ ಇದೇ ಉಪಯೋಗ. ಇದನ್ನು ಮುಖಾಮುಖಿ ಕೂತು ಮಾತಾಡಿ, ನಿಮ್ಮ ಹೆಂಡತಿಯೂ ಜೊತೆಗಿರಲಿ. ಮತ್ತೆ ಒಂದು: ಇದು ನಿಮ್ಮಿಬ್ಬರ ತಪ್ಪಲ್ಲ, ಯಾರೋ ಒಬ್ಬರ ಕಡೆಯಿಂದ ಬಂದದ್ದೂ ಅಲ್ಲ. ಇಬ್ಬರಲ್ಲೂ ಒಂದೊಂದು ಪ್ರತಿ ಇದೆ. ಮನೆಯಲ್ಲಿ ಯಾರಾದರೂ ನಿಮ್ಮ ಹೆಂಡತಿಯ ಕಡೆ ಬೊಟ್ಟು ಮಾಡುತ್ತಿದ್ದರೆ ಈ ಸಾಲನ್ನು ಅವರಿಗೆ ಓದಿಸಿ.

ಭದ್ರಾವತಿ_ಅಪ್ಪ

ಓದಿಸಿದೆ ಮೇಡಂ. ಯಾರಿಗೆ ಅಂತ ಇಲ್ಲಿ ಬರೆಯುವುದಿಲ್ಲ, ಆದರೆ ಓದಿಸಿದೆ.

ಇವತ್ತು ಕಣ್ಣಿನ ಡಾಕ್ಟರಿಗೆ ತೋರಿಸಿದೆವು. ರಾತ್ರಿ ಹಚ್ಚಲು ಮುಲಾಮು ಕೊಟ್ಟಿದ್ದಾರೆ. ಜೆನೆಟಿಕ್ಸ್ ಡಾಕ್ಟರ್ ಬರುವ ಬುಧವಾರ ಬನ್ನಿ ಅಂದಿದ್ದಾರೆ. ಜೀನ್‌ಮ್ಯಾಚರ್ ವಿಷಯ ಫೋನಿನಲ್ಲೇ ಕೇಳಿದೆ, "ಹಾಕಿದ್ದೇವೆ, ಇನ್ನೂ ಯಾರೂ ಸಿಕ್ಕಿಲ್ಲ, ಹೊಸ ಲಕ್ಷಣ ಇದ್ದರೆ ತನ್ನಿ, ಸೇರಿಸೋಣ" ಅಂದರು. ಫೋಟೋ ಬಗ್ಗೆ ಮಗಳನ್ನೇ ಕೇಳಿದೆವು. ಮುಖ ಬೇಡವಂತೆ, ತಾನು ಬರೆದ ಚಿತ್ರ ಬೇಕಾದರೆ ಹಾಕಿಕೊಳ್ಳಲಿ ಅಂದಳು.

ಬುಧವಾರ ನಮ್ಮಮ್ಮನನ್ನೂ ಕರೆದುಕೊಂಡು ಹೋಗುತ್ತಿದ್ದೇವೆ. ಮಗಳ ನಿದ್ದೆ ನೋಡಿರುವುದು ಅವರೇ.